ಮಲ್ಲಿಗೆಯ ತಂಪು, ಗಂಧದ ಬಿಸುಪು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಉರುಸುಗಳಲ್ಲಿ ಮೊದಲು ಬರುವುದು ಗಂಧದ ದಿನ. ತೇಯ್ದ ಗಂಧವನ್ನು ಮೆರವಣಿಗೆಯಲ್ಲಿ ತಂದು ಮಜಾರಿಗೆ ಲೇಪಿಸಿ, ಮೇಲೆ ಮಲ್ಲಿಗೆಯ ಚಾದರ ಹೊದಿಸುತ್ತಾರೆ. ಹೂವು ಮತ್ತು ಗಂಧ ಎಂಬ ಈ ಜೋಡಿಯಲ್ಲಿಯೇ ನಮ್ಮ ನಾಡಿನ ಅತ್ತರಿನ ಚರಿತ್ರೆ ಅಡಗಿದೆ.

ಮಲ್ಲಿಗೆ ಹಗುರವಾದ ಹೂವು. ಸಂಜೆಗೆ ಅರಳಿದ ಮೊಗ್ಗು ಬೆಳಗಾಗುವಷ್ಟರಲ್ಲಿ ಬಾಡತೊಡಗುತ್ತದೆ. ಅದರ ಪರಿಮಳದಲ್ಲಿ ಬೇಗನೆ ಆರಿಹೋಗುವ ತಾಜಾತನವೂ ಇದೆ, ಇಂಡೋಲ್ ಎಂಬ ಭಾರವಾದ ಅಂಶವೂ ಇದೆ. ಇಂಡೋಲ್ ಹದವಾಗಿದ್ದರೆ ಹೂವಿಗೆ ಜೀವ, ಮಿತಿಮೀರಿದರೆ ಕೊಳೆತ ವಾಸನೆ. ಶ್ರೀಗಂಧದ ಎಣ್ಣೆ ಇದಕ್ಕೆ ತದ್ವಿರುದ್ಧ. ಅದು ನಿಧಾನವಾಗಿ ಆರುತ್ತದೆ. ಓಡಿಹೋಗುವ ಹೂವಿನ ವಾಸನೆಯನ್ನು ಹಿಡಿದು ನಿಲ್ಲಿಸುತ್ತದೆ. ವಿಚಿತ್ರವೆಂದರೆ ಯುನಾನಿ ಮತ್ತು ಆಯುರ್ವೇದ ಎರಡರಲ್ಲೂ ಗಂಧ ತಂಪಿನ ವಸ್ತು. ಮೈಗೆ ತಂಪಾದದ್ದು ಮೂಗಿಗೆ ಬೆಚ್ಚಗೆ ಎನಿಸುತ್ತದೆ. ಬಿಳಿ ಹೂವಿನ ಅತ್ತರಿನ ಸಮತೋಲ ನಿಂತಿರುವುದು ಇಲ್ಲಿ.

ಈ ಹದವನ್ನು ಕಂಡುಕೊಳ್ಳಲು ಹಿಂದಿನವರು ಎರಡು ದಾರಿ ಹಿಡಿದರು. ಒಂದು, ಎಳ್ಳಿನ ದಾರಿ. ಎಳ್ಳು ಮತ್ತು ಹೂವನ್ನು ಪದರುಪದರಾಗಿ ಹರಡಿ, ದಿನವೂ ಹೊಸ ಹೂವು ಹಾಕಿ, ಪರಿಮಳ ಹೀರಿದ ಎಳ್ಳನ್ನು ಗಾಣಕ್ಕೆ ಹಾಕುವುದು. ಬೆಂಕಿಯ ಕಾವಿಗೆ ಮುದುಡುವ ಮಲ್ಲಿಗೆಗೆ ಇದು ಒಪ್ಪುವ ರೀತಿ. ಇನ್ನೊಂದು, ಭಟ್ಟಿಯ ದಾರಿ. ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ ಕುದಿಸಿ, ಆವಿಯನ್ನು ಶ್ರೀಗಂಧದ ಎಣ್ಣೆಯಿರುವ ಪಾತ್ರೆಗೆ ಹಾಯಿಸುವುದು. ನೀರು ಬೇರೆಯಾದ ಮೇಲೆ ಎಣ್ಣೆಯಲ್ಲಿ ಹೂವು ಉಳಿಯುತ್ತದೆ.

ಈ ಅರಿವು ಯಾವ ಒಂದು ಸಮುದಾಯದ ಸೊತ್ತೂ ಅಲ್ಲ. ಹಳೆಯ ಇಂಡಿ ತಾಲ್ಲೂಕಿನ ತದ್ದೇವಾಡಿಯಿಂದ ಹೆಸರು ಪಡೆದ ತರ್ದವಾಡಿ ಸಾವಿರನಾಡು ಕಲ್ಯಾಣದ ಚಾಲುಕ್ಯರ ನೆಲೆ. ಅವರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ' ಅಡುಗೆ, ತೋಟಗಾರಿಕೆಗಳ ಜೊತೆಗೆ ಸುಗಂಧ ತಯಾರಿಕೆಯನ್ನೂ ಹೇಳುತ್ತದೆ. 1127ರಿಂದ 1138ರವರೆಗೆ ಆಳಿದ ಮುಮ್ಮಡಿ ಸೋಮೇಶ್ವರನ 'ಮಾನಸೋಲ್ಲಾಸ' ವಿಲೇಪನ, ಮಾಲೆ, ಧೂಪಗಳನ್ನು ರಾಜಭೋಗಗಳಲ್ಲಿ ಸೇರಿಸಿದೆ.

ನಾಲ್ಕೂವರೆ ಶತಮಾನಗಳ ನಂತರ ಅದೇ ನೆಲದಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ್ (1580–1627) ಆಳಿದ. ಜನ ಅವನನ್ನು ಜಗದ್ಗುರು ಎಂದು ಕರೆದರು. ತನ್ನ 'ಕಿತಾಬ್-ಎ-ನೌರಸ್'ನಲ್ಲಿ ಅವನು ಸರಸ್ವತಿಯನ್ನೂ ಕಲಬುರಗಿಯ ಬಂದೇನವಾಜರನ್ನೂ ಸ್ಮರಿಸಿದ. ಅವನ ಆಸ್ಥಾನದಲ್ಲಿ ಸುಗಂಧಕ್ಕೆಂದೇ ಪರ್ಷಿಯನ್ ಭಾಷೆಯಲ್ಲಿ ಒಂದು ಗ್ರಂಥ ರಚಿತವಾಯಿತು: 'ಇತ್ರ್-ಎ-ನೌರಸ್ ಶಾಹಿ'. ಸಂಗೀತಕ್ಕೆ ಇಟ್ಟ ನೌರಸ್ ಎಂಬ ಹೆಸರು ಪರಿಮಳಕ್ಕೂ ಬಂತು. ಮುಂದೆ 1657ರಲ್ಲಿ ನುಸ್ರತಿ ದಖ್ಖನಿಯಲ್ಲಿ ಬರೆದ 'ಗುಲ್ಶನ್-ಎ-ಇಷ್ಕ್' ಎಂಬ ಪ್ರೇಮಕಾವ್ಯದ ಹೆಸರಿನಲ್ಲೇ ಹೂದೋಟವಿದೆ.

ಪ್ರವಾದಿಯವರಿಗೆ (ಸ) ಸುಗಂಧ ಪ್ರಿಯವಾಗಿತ್ತೆಂಬ ಕಾರಣಕ್ಕೆ ಮುಸ್ಲಿಮರು ಜುಮಾ ದಿನ ಅತ್ತರು ಹಚ್ಚುತ್ತಾರೆ. ಆದರೆ ಅದರ ಮೈಯಾದ ಶ್ರೀಗಂಧ ಕನ್ನಡದ ಕಾಡಿನದು, ಜೀವವಾದ ಮಲ್ಲಿಗೆ ಕನ್ನಡದ ತೋಟದ್ದು. ಹೂವು ಬಿಡಿಸಿದವರು, ಗಾಣ ತಿರುಗಿಸಿದವರು, ತಾಮ್ರ ಬಡಿದವರು ಎಲ್ಲ ಜಾತಿಯವರು.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಆಮೇಲೆ ಮರ ವಿರಳವಾಗಿ ಎಣ್ಣೆ ತುಟ್ಟಿಯಾಯಿತು. ಇಂದು ಅಗ್ಗದ ಶೀಶೆಗಳಲ್ಲಿ ಗಂಧದ ಜಾಗಕ್ಕೆ ಪ್ಯಾರಾಫಿನ್ ಎಣ್ಣೆ ಬಂದಿದೆ. ಅದರಲ್ಲಿ ಹೂವಿನ ಹೆಸರು ಇರುತ್ತದೆ, ಹಿಡಿದು ನಿಲ್ಲಿಸುವ ಗುಣ ಇರುವುದಿಲ್ಲ.

ಈ ಸೀಮೆಯ ಚರಿತ್ರೆಯನ್ನು ನಾವು 1565ರ ತಾಳಿಕೋಟೆಯ ಯುದ್ಧದಿಂದಲೇ ಆರಂಭಿಸಿ ಅಲ್ಲಿಯೇ ಮುಗಿಸುತ್ತೇವೆ. ಯುದ್ಧ ನಡೆದದ್ದು ನಿಜ. ಆದರೆ ಯುದ್ಧಕ್ಕೆ ಮೊದಲೂ ನಂತರವೂ ಇಲ್ಲಿ ಗಂಧ ತೇಯುವ ಕೈಗಳಿದ್ದವು ಎಂಬುದೂ ಅಷ್ಟೇ ನಿಜ. ಅದನ್ನು ಮರೆತ ಚರಿತ್ರೆ ಗಂಧವಿಲ್ಲದ ಅತ್ತರಿನಂತೆ. ಮೂಗಿಗೆ ಒಮ್ಮೆ ಬಡಿಯುತ್ತದೆ, ನಿಲ್ಲುವುದಿಲ್ಲ.