ಬಡಗಿಯ ಉಳಿ ಹವ್ಯಾಸಿಯ ಕೈಗೆ ಬಂದ ಬಗೆ

ಒಂದೇ ಕೆಲಸ ಒಬ್ಬನಿಗೆ ಹೊಟ್ಟೆಪಾಡಾದರೆ ಮತ್ತೊಬ್ಬನಿಗೆ ವಿನೋದ. ಬೆಸ್ತನಿಗೆ ಮೀನು ಹಿಡಿಯುವುದು ಅನ್ನದ ಮಾತು. ರಜೆಯ ದಿನ ಗಾಳ ಹಿಡಿದು ಹೊಳೆಯ ದಡದಲ್ಲಿ ಕುಳಿತವನಿಗೆ ಅದು ಕಾಲಹರಣ. ತೋಟದ ಕೆಲಸವೂ ಹಾಗೆ, ಅಡಿಗೆಯ ಕೆಲಸವೂ ಹಾಗೆ. ಮರಗೆಲಸವೂ ಈಗ ಇದೇ ಸಾಲಿಗೆ ಸೇರಿದೆ. ಪಶ್ಚಿಮದ ದೇಶಗಳಲ್ಲಿ ವೈದ್ಯರು, ವಕೀಲರು, ಗುಮಾಸ್ತರು ಮನೆಯ ಹಿಂದಿನ ಕೊಠಡಿಯಲ್ಲಿ ಒಂದು ಗಟ್ಟಿಮುಟ್ಟಾದ ಮೇಜು ಹಾಕಿಕೊಂಡು, ಬಿಡುವಿನ ವೇಳೆಯಲ್ಲಿ ಕುರ್ಚಿಯನ್ನೋ ಪುಸ್ತಕದ ಬೀರುವನ್ನೋ ಮಾಡುವುದು ಸರ್ವೇಸಾಮಾನ್ಯ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1981ರಲ್ಲಿ ಅಧಿಕಾರ ಬಿಟ್ಟ ಮೇಲೆ ಬಹುಕಾಲ ಮರಗೆಲಸದಲ್ಲಿ ತೊಡಗಿದ್ದರು. ತಾವೇ ಮಾಡಿದ ಪೀಠೋಪಕರಣಗಳನ್ನು ಸೇವಾಕಾರ್ಯಕ್ಕೆ ಹಣ ಕೂಡಿಸಲು ಹರಾಜಿಗೆ ಕೊಡುತ್ತಿದ್ದರು.

ಹೊಟ್ಟೆಯ ಒತ್ತಾಯವಿಲ್ಲದವನು ಉಳಿ ಕೊಡತಿಗಳನ್ನು ಕೈಗೆತ್ತಿಕೊಂಡದ್ದು ಹೇಗೆ? ಬಡಗಿಯ ವಿದ್ಯೆ ಬಡಗಿಯಲ್ಲದವನ ಮನೆಗೆ ಯಾವ ಬಾಗಿಲಿನಿಂದ ಬಂದಿತು? ಈ ಕಥೆ ಸ್ವಾರಸ್ಯವಾದುದು. ನಮಗೂ ಯೋಚನೆಗೆ ಹಚ್ಚುವಂಥದು.

ಇದಕ್ಕೆ ಬಹಳ ಹಳೆಯ ಒಂದು ಸುಳಿವು ನಮ್ಮ ದೇಶದಲ್ಲಿಯೇ ಉಂಟು. ವಾತ್ಸ್ಯಾಯನನು ನಾಗರಿಕರು ಕಲಿಯಬೇಕಾದ ಅರವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಗೀತ, ವಾದ್ಯ, ನೃತ್ಯಗಳ ಜೊತೆಯಲ್ಲಿಯೇ ‘ತಕ್ಷಣ’ ಎಂಬುದನ್ನೂ ಹೇಳಿದ್ದಾನೆ. ಇದು ‘ಕೂಡಲೇ’ ಎಂಬರ್ಥದಲ್ಲಿ ನಾವು ದಿನವೂ ಆಡುವ ‘ತಕ್ಷಣ’ವಲ್ಲ, ಮರವನ್ನು ಕೆತ್ತು, ಕಡಿ ಎಂಬರ್ಥದ ಧಾತುವಿನಿಂದ ಬಂದ ಶಬ್ದ. ತಕ್ಷಕನೆಂದರೆ ಬಡಗಿ, ತಕ್ಷಣವೆಂದರೆ ಬಡಗಿತನ. ಹೊಟ್ಟೆಪಾಡಿಗಾಗಿ ಮರ ಕೆತ್ತಬೇಕಾಗಿಲ್ಲದ ಪಟ್ಟಣಿಗನಿಗೂ ಈ ಕೆಲಸ ಗೊತ್ತಿದ್ದರೆ ಶೋಭೆಯೆಂಬ ಭಾವನೆ ಆ ಕಾಲದಲ್ಲಿ ಇತ್ತೆಂದಾಯಿತು. ಆದರೆ ಪಟ್ಟಿಯಲ್ಲಿದ್ದ ಕಲೆ ಬಳಕೆಯಲ್ಲಿ ಕುಲದ ಕಸುಬಾಗಿಯೇ ಉಳಿಯಿತು. ತಂದೆಯಿಂದ ಮಗನಿಗೆ ಹೋಯಿತೇ ಹೊರತು ನೆರೆಮನೆಯವನಿಗೆ ಹೋಗಲಿಲ್ಲ.

ಯೂರೋಪಿನಲ್ಲಿ ಕುಲದ ಕಟ್ಟು ಇರಲಿಲ್ಲವಾದರೂ ಕಸುಬಿನ ಸಂಘಗಳ ಕಟ್ಟು ಇತ್ತು. ಇಂಗ್ಲೆಂಡಿನಲ್ಲಿ 1563ರ ಒಂದು ಶಾಸನದ ಪ್ರಕಾರ, ಯಾವನೇ ಆಗಲಿ ಒಂದು ಕಸುಬನ್ನು ನಡೆಸಬೇಕಾದರೆ ಮೊದಲು ಏಳು ವರ್ಷ ಗುರುವಿನ ಬಳಿ ಶಿಷ್ಯನಾಗಿ ದುಡಿದಿರಬೇಕು. 1814ರಲ್ಲಿ ಈ ನಿಬಂಧನೆ ರದ್ದಾಯಿತು. ಅಲ್ಲಿಯವರೆಗೆ ಎರಡೂವರೆ ಶತಮಾನಗಳ ಕಾಲ ಕಸುಬಿನ ವಿದ್ಯೆ ಮುಖ್ಯವಾಗಿ ಕಮ್ಮಟದ ಗೋಡೆಗಳ ಒಳಗೇ ಇತ್ತು. ಮರವನ್ನು ಹೇಗೆ ಹದಮಾಡಬೇಕು, ಉಜ್ಜುಗೊರಡಿನ ಅಲಗನ್ನು ಎಷ್ಟು ಹೊರಚಾಚಬೇಕು, ಎರಡು ಹಲಗೆಗಳನ್ನು ಮೊಳೆಯಿಲ್ಲದೆ ಹೇಗೆ ಕಚ್ಚಿಸಬೇಕು ಎಂಬುದೆಲ್ಲ ಬಾಯಿಂದ ಕಿವಿಗೆ, ಕಣ್ಣಿನಿಂದ ಕೈಗೆ ಹೋಗುತ್ತಿದ್ದ ವಿದ್ಯೆ.

ಈ ಗೋಡೆಯಲ್ಲಿ ಮೊದಲ ಕಿಂಡಿ ಕೊರೆದವನು ಲಂಡನ್ನಿನ ಜೋಸೆಫ್ ಮಾಕ್ಸನ್. ಇವನು ಭೂಗೋಲದ ಮಾದರಿಗಳನ್ನೂ ನಕ್ಷೆಗಳನ್ನೂ ಮಾಡಿ ಮಾರುತ್ತಿದ್ದ ಕಸುಬುದಾರ, ಮುದ್ರಣವನ್ನೂ ಬಲ್ಲವನು. 1678ರಿಂದ ಇವನು ಕೈಗಸುಬುಗಳನ್ನು ಕುರಿತ ಒಂದು ಪುಸ್ತಕವನ್ನು ಬಿಡಿ ಬಿಡಿ ಸಂಚಿಕೆಗಳಾಗಿ ಹೊರತರತೊಡಗಿದನು. ಮೊದಲು ಕಮ್ಮಾರಿಕೆ, ಆಮೇಲೆ ಪೆಟ್ಟಿಗೆ ಬಾಗಿಲುಗಳ ನಯವಾದ ಮರಗೆಲಸ, ಅನಂತರ ಮನೆಯ ಮರಗೆಲಸ, ಕೊನೆಗೆ ಮರವನ್ನು ತಿರುಗಿಸಿ ಕಡೆಯುವ ಕೆಲಸ. ಉಪಕರಣಗಳ ಚಿತ್ರ ಬಿಡಿಸಿ, ಒಂದೊಂದಕ್ಕೂ ಹೆಸರು ಹೇಳಿ, ಹಿಡಿಯುವ ರೀತಿಯನ್ನು ವಿವರಿಸಿದನು. ಉತ್ತಮ ಮನೆತನದ ಅನೇಕರು ಕೈಗೆಲಸದಲ್ಲಿ ಆಸಕ್ತರಾಗಿದ್ದಾರೆಂದು ಅವನೇ ಬರೆದಿದ್ದಾನೆ. ಕೈಯ ಚಳಕವನ್ನು ಮಾತಿನಿಂದ ಕಲಿಸಲಾಗದು, ಅದು ಅಭ್ಯಾಸದಿಂದಲೇ ಬರಬೇಕು ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಅದೇ 1678ರಲ್ಲಿ ಅವನು ವಿದ್ವಾಂಸರ ಕೂಟವಾದ ರಾಯಲ್ ಸೊಸೈಟಿಯ ಸದಸ್ಯನಾದನು. ಗಮನಿಸಬೇಕಾದ ಸಂಗತಿಯೆಂದರೆ, ಕಸುಬಿನ ಬಾಗಿಲನ್ನು ಹೊರಗಿನವರಿಗೆ ತೆರೆದವನು ಹೊರಗಿನವನಲ್ಲ, ತಾನೇ ದುಡಿದು ತಿನ್ನುತ್ತಿದ್ದ ಕಸುಬುದಾರ.

ಮೊದಮೊದಲು ಈ ಬಾಗಿಲಿನಿಂದ ಒಳಗೆ ಬಂದವರು ದೊಡ್ಡವರು. ಅವರಿಗೆ ಬೇಕಾಗಿದ್ದುದು ಬಾಚಿ ಗರಗಸಗಳ ಒರಟು ಕೆಲಸವಲ್ಲ, ಲೇತ್ ಯಂತ್ರದ ಮೇಲೆ ಮರವನ್ನೂ ದಂತವನ್ನೂ ಕಡೆಯುವ ನಾಜೂಕು ಕೆಲಸ. ನಮ್ಮ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ನೋಡಿದವರಿಗೆ ಇದರ ಬಗೆ ತಿಳಿದಿರುತ್ತದೆ: ಮರದ ತುಂಡು ತಿರುಗುತ್ತಿರುತ್ತದೆ, ಉಳಿ ನಿಂತಿರುತ್ತದೆ. ರಷ್ಯದ ಪೀಟರ್ ಮಹಾಶಯನು 1697ರಲ್ಲಿ ಹಾಲೆಂಡಿಗೆ ಹೋಗಿ ಹಡಗು ಕಟ್ಟುವ ಬಡಗಿಗಳ ನಡುವೆ ತಾನೂ ಒಬ್ಬನಾಗಿ ದುಡಿದುದು ಪ್ರಸಿದ್ಧವಾಗಿದೆ. ಹಿಂದಿರುಗಿದ ಮೇಲೆ ಅರಮನೆಯಲ್ಲಿಯೇ ಕಡೆಯುವ ಶಾಲೆಯನ್ನಿಟ್ಟುಕೊಂಡು, ಆಂದ್ರೇ ನಾರ್ತೋವ್ ಎಂಬ ನಿಪುಣನನ್ನು ಬಳಿಯಲ್ಲಿಟ್ಟುಕೊಂಡಿದ್ದನು. ಈ ಕೆಲಸಕ್ಕೇ ಮೀಸಲಾದ ಮೊದಲ ಗ್ರಂಥವನ್ನು 1701ರಲ್ಲಿ ಫ್ರಾನ್ಸಿನ ಲಿಯೋಂ ಪಟ್ಟಣದಲ್ಲಿ ಪ್ರಕಟಿಸಿದವನು ಚಾರ್ಲ್ಸ್ ಪ್ಲೂಮಿಯೇ. ಇವನು ಬಡಗಿಯೂ ಅಲ್ಲ, ದೊರೆಯೂ ಅಲ್ಲ. ಒಬ್ಬ ಸಂನ್ಯಾಸಿ, ಸಸ್ಯಶಾಸ್ತ್ರಜ್ಞ. ನಮ್ಮ ಗುಡಿಗಳ ಅಂಗಳದಲ್ಲಿ ಬಿಳಿಯ ಹೂ ಚೆಲ್ಲುವ ದೇವಕಣಗಿಲೆಯ ಶಾಸ್ತ್ರೀಯ ನಾಮ ‘ಪ್ಲೂಮೇರಿಯ’. ಅದು ಈತನ ಹೆಸರಿನಿಂದ ಬಂದುದು.

ಆದರೆ ಲೇತ್ ಬಡವರ ಕೈಗೆಟುಕುವ ವಸ್ತುವಾಗಿರಲಿಲ್ಲ. ಸ್ಟ್ರಾಸ್‌ಬರ್ಗಿನಿಂದ ಲಂಡನ್ನಿಗೆ ಬಂದು ನೆಲಸಿದ ಹೋಲ್ಟ್ಸಾಪ್ಫೆಲ್ ಎಂಬಾತನು 1795ರಲ್ಲಿ ತನ್ನ ಮೊದಲ ಲೇತನ್ನು ಮಾರಿದನು. ಆ ಮನೆತನದವರು ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮಾಡಿದ ಯಂತ್ರಗಳು ಸುಮಾರು 2,500 ಮಾತ್ರ. ಕೊಂಡವರಲ್ಲಿ ಬಹುಮಂದಿ ಶ್ರೀಮಂತರು. ಇವರಿಗಾಗಿ 1843ರಿಂದ 1884ರವರೆಗೆ ತಂದೆ ಮಗ ಸೇರಿ ಐದು ಸಂಪುಟಗಳ ಮಹಾಗ್ರಂಥವನ್ನೇ ಬರೆದರು. ಹೀಗೆ ಹವ್ಯಾಸ ಹುಟ್ಟಿತು, ಗ್ರಂಥವೂ ಆಯಿತು. ಆದರೆ ಅದು ಮಹಡಿಯ ಮನೆಗಳಿಂದ ಕೆಳಗಿಳಿದಿರಲಿಲ್ಲ.

ಕೆಳಗಿಳಿಯಲು ಎರಡು ವಸ್ತುಗಳು ಬೇಕಾಗಿದ್ದುವು: ಸಾಮಾನ್ಯನಿಗೆ ಬಿಡುವು, ಅವನ ಕೈಗೆ ಅಗ್ಗದ ಆಯುಧ. ಇಂಗ್ಲೆಂಡಿನಲ್ಲಿ 1850ರ ಕಾರ್ಖಾನೆ ಶಾಸನವು ನೂಲಿನ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದು ವಿಧಿಸಿತು. ಶನಿವಾರದ ಈ ಅರ್ಧ ರಜೆ ಕ್ರಮೇಣ ಇತರರಿಗೂ ಹಬ್ಬಿತು. 1870ರ ಶಿಕ್ಷಣ ಶಾಸನದಿಂದ ಓದುಬಲ್ಲವರು ಹೆಚ್ಚಿದರು. ಕಾರ್ಖಾನೆಗಳಲ್ಲಿ ಉಕ್ಕಿನ ಉಪಕರಣಗಳು ರಾಶಿರಾಶಿಯಾಗಿ ತಯಾರಾಗಿ ಬೆಲೆ ಇಳಿಯಿತು. 1889ರಲ್ಲಿ ‘ವರ್ಕ್’ ಎಂಬ ವಾರಪತ್ರಿಕೆ ಹುಟ್ಟಿತು. ಕಸುಬುದಾರನಿಗೂ ಹವ್ಯಾಸಿಗೂ ಒಂದೇ ಪುಟದಲ್ಲಿ ಪಾಠ ಹೇಳುವುದು ಅದರ ಉದ್ದೇಶ. 1895ರಲ್ಲಿ ‘ಹಾಬೀಸ್’ ವಾರಪತ್ರಿಕೆ ಬಂದಿತು. ಹೆಸರೇ ಹೇಳುವಂತೆ ಅದು ಪೂರ್ತಿಯಾಗಿ ಹವ್ಯಾಸಿಯದು. ನಾರ್ಫೋಕಿನ ಡೀರಂ ಎಂಬ ಸಣ್ಣ ಊರಿನ ಒಂದು ಕಂಪನಿ ಪತ್ರಿಕೆಯ ಜೊತೆಗೆ ನಕ್ಷೆಯನ್ನೂ, ಹಲಗೆಯನ್ನೂ, ಗರಗಸವನ್ನೂ ಒದಗಿಸುತ್ತಿತ್ತು.

ಆ ಗರಗಸದ ವಿಷಯ ಎರಡು ಮಾತು ಹೇಳಬೇಕು, ಏಕೆಂದರೆ ಲಕ್ಷಾಂತರ ಮಂದಿ ಮರಗೆಲಸಕ್ಕೆ ಕೈಹಚ್ಚಿದ್ದು ಅದರಿಂದಲೇ. ಬಾಗಿದ ಬಿಲ್ಲಿನಂಥ ಕಬ್ಬಿಣದ ಚೌಕಟ್ಟು. ಅದರ ಎರಡು ತುದಿಗಳ ನಡುವೆ ಬಿಗಿದ, ನೂಲಿನಷ್ಟು ಸಣ್ಣ ಅಲಗು. ತೆಳುವಾದ ಹಲಗೆಯ ಮೇಲೆ ನಕ್ಷೆಯನ್ನು ಅಂಟಿಸಿ, ಕತ್ತರಿಸಬೇಕಾದ ಕಡೆ ಬೈರಿಗೆಯಿಂದ ತೂತು ಕೊರೆದು, ಅಲಗನ್ನು ಅದರೊಳಗೆ ತೂರಿಸಿ ಬಿಗಿಯುತ್ತಾರೆ. ಹಲ್ಲುಗಳು ಕೆಳಮುಖವಾಗಿರಬೇಕು. ಅಲಗನ್ನು ನೇರವಾಗಿ ಮೇಲೆ ಕೆಳಗೆ ಆಡಿಸುತ್ತ, ಹಲಗೆಯನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಬಳ್ಳಿ, ಎಲೆ, ಹಕ್ಕಿ ಒಂದೊಂದಾಗಿ ಮೂಡುತ್ತವೆ. ಮೈಸೂರಿನಲ್ಲಿ ಬೀಟೆಯ ಮರದಲ್ಲಿ ಚಿತ್ರ ಕೂಡಿಸುವ ಕುಶಲಿಗಳೂ ಇಂಥ ಸಣ್ಣ ಗರಗಸವನ್ನೇ ಬಳಸುತ್ತಾರೆ. ಊಟದ ಮೇಜಿನ ಅಂಚೇ ಇದಕ್ಕೆ ಕಮ್ಮಟವಾಗಬಲ್ಲುದು. ಬೇರೆ ಕೊಠಡಿ ಬೇಡ, ಹೆಚ್ಚು ಶಕ್ತಿ ಬೇಡ. ಗುಮಾಸ್ತನ ಮನೆಯಲ್ಲಿ ಗಡಿಯಾರದ ಗೂಡು, ಭಾವಚಿತ್ರದ ಚೌಕಟ್ಟು, ಗೋಡೆಯ ಗಿಳಿಗೂಟ ತಯಾರಾದುವು. ಅವುಗಳಲ್ಲಿ ಹಲವು ಸೊಗಸಿಗಿಂತ ಕುಸುರಿಯೇ ಹೆಚ್ಚಾದವು ಎಂಬುದು ನಿಜ. ಆದರೂ ಮರವನ್ನು ಮುಟ್ಟದಿದ್ದ ಕೈಗಳು ಮರವನ್ನು ಮುಟ್ಟಿದುವು.

ಪುಸ್ತಕ, ಆಯುಧ ಇವೆರಡರ ಮಾತಾಯಿತು. ಮೂರನೆಯ ಬಾಗಿಲು ಶಾಲೆಯದು. ನನ್ನಂಥ ಉಪಾಧ್ಯಾಯನಿಗೆ ಇದರ ಮೇಲೆ ಪಕ್ಷಪಾತವಿದ್ದರೆ ಓದುಗರು ಮನ್ನಿಸಬೇಕು. ಫಿನ್ಲೆಂಡಿನಲ್ಲಿ ಉನೋ ಸಿಗ್ನೇಯಸ್ ಎಂಬ ಶಿಕ್ಷಣತಜ್ಞನ ಪ್ರಯತ್ನದಿಂದ 1866ರಲ್ಲಿ ಪ್ರಾಥಮಿಕ ಶಾಲೆಗಳ ಪಾಠಕ್ರಮಕ್ಕೆ ಕೈಗೆಲಸವು ಸೇರಿತು. ನೆರೆಯ ಸ್ವೀಡನ್ನಿನಲ್ಲಿ, ಗೋಥೆನ್‌ಬರ್ಗ್ ಪಟ್ಟಣಕ್ಕೆ ಸಮೀಪದ ನೇಸ್ ಎಂಬಲ್ಲಿ, ಆಬ್ರಹಾಂಸನ್ ಎಂಬ ವರ್ತಕನ ಜಹಗೀರು ಇತ್ತು. ಅವನ ಸೋದರಳಿಯ ಆಟೋ ಸಾಲೊಮನ್ 1870ರ ದಶಕದಲ್ಲಿ ಅಲ್ಲಿ ಮೊದಲು ಹುಡುಗರಿಗೆ, ಆಮೇಲೆ ಉಪಾಧ್ಯಾಯರಿಗೆ ಮರಗೆಲಸದ ಶಾಲೆಯನ್ನು ನಡೆಸಿದನು. 1877ರಲ್ಲಿ ಅವನು ಫಿನ್ಲೆಂಡಿಗೆ ಹೋಗಿ ಸಿಗ್ನೇಯಸ್ಸನನ್ನು ಕಂಡುಬಂದನು. ಈ ಶಿಕ್ಷಣಕ್ಕೆ ‘ಸ್ಲೊಯ್ಡ್’ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ಕೈಗೆಲಸ ಎಂದೇ ಅರ್ಥ. 1907ರಲ್ಲಿ ಸಾಲೊಮನ್ ತೀರಿಕೊಳ್ಳುವ ವೇಳೆಗೆ ನಾನಾ ದೇಶಗಳ ಸಾವಿರಾರು ಉಪಾಧ್ಯಾಯರೂ ಉಪಾಧ್ಯಾಯಿನಿಯರೂ ನೇಸಿನಲ್ಲಿ ಕಲಿತು ಹೋಗಿದ್ದರು.

ಸಾಲೊಮನ್ನನ ಕ್ರಮ ಸರಳವಾದುದು. ಮಗುವಿನ ಕೈಗೆ ಮೊದಲು ಕೊಡುವುದು ಒಂದು ಚಾಕು. ಮಾಡಿಸುವುದು ಒಂದು ಸಣ್ಣ ಕಡ್ಡಿಯಂಥ ವಸ್ತು. ಅಲ್ಲಿಂದ ಮೆಟ್ಟಲು ಮೆಟ್ಟಲಾಗಿ ಮೇಲಕ್ಕೆ; ಪ್ರತಿಯೊಂದು ವಸ್ತುವಿನಲ್ಲಿಯೂ ಹೊಸದೊಂದು ಉಪಕರಣ ಇಲ್ಲವೆ ಹೊಸದೊಂದು ಪಟ್ಟು. ಮಾಡಿದ್ದು ಮನೆಯಲ್ಲಿ ಬಳಕೆಗೆ ಬರುವಂತಿರಬೇಕು. ಮಗು ಅದನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿರಬೇಕು. ಮಕ್ಕಳನ್ನು ಬಡಗಿಗಳನ್ನಾಗಿ ಮಾಡುವ ಉದ್ದೇಶ ಅವನಿಗಿರಲಿಲ್ಲ. ಕಣ್ಣಿಗೂ ಕೈಗೂ ಹೊಂದಿಕೆ, ಕೆಲಸದಲ್ಲಿ ಅಚ್ಚುಕಟ್ಟು, ಎಲ್ಲಕ್ಕಿಂತ ಮಿಗಿಲಾಗಿ ಮೈಮುರಿದು ದುಡಿಯುವವರ ವಿಷಯದಲ್ಲಿ ಗೌರವ, ಇವು ಬರಬೇಕೆಂಬುದೇ ಅವನ ಗುರಿ. ಹೀಗೆ ಶಾಲೆಯಲ್ಲಿ ಚಾಕು ಹಿಡಿದ ಮಕ್ಕಳಿಗೆ ದೊಡ್ಡವರಾದ ಮೇಲೆ ಉಳಿ ಅಪರಿಚಿತವಾಗಿರಲಿಲ್ಲ.

ಈ ಗಾಳಿ ನಮ್ಮ ದೇಶಕ್ಕೂ ಬೀಸಿತು. 1920ರ ದಶಕದ ಕೊನೆಯಲ್ಲಿ ಶಾಂತಿನಿಕೇತನದ ಲಕ್ಷ್ಮೀಶ್ವರ ಸಿನ್ಹ ಎಂಬುವರು ಸ್ವೀಡನ್ನಿಗೆ ಹೋಗಿ ಸ್ಲೊಯ್ಡ್ ಕಲಿತುಬಂದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟಾಗ, ಜಾಕಿರ್ ಹುಸೇನ್ ಅವರ ಸಮಿತಿ ಹೇಳಿದ ಕಸುಬುಗಳಲ್ಲಿ ನೂಲುವುದು, ನೇಯುವುದರ ಜೊತೆಗೆ ಮರಗೆಲಸವೂ ಇತ್ತು. ಆದರೆ ಅಲ್ಲಿ ಕಸುಬು ವಿನೋದವಲ್ಲ, ಶಿಕ್ಷಣದ ಬುಡವೇ ಅದು. ಮಕ್ಕಳ ಕೆಲಸದಿಂದ ಶಾಲೆಯ ವೆಚ್ಚವೂ ಒಂದಿಷ್ಟು ಹುಟ್ಟಬೇಕೆಂಬ ಆಶಯವಿತ್ತು. ದಾರಿ ಬೇರೆಯಾದರೂ ಸಾಲೊಮನ್ನನ ಗೌರವದ ಮಾತು ಇಲ್ಲಿಯೂ ಉಂಟು.

ಮುಂದಿನದು ವೇಗದ ಕಥೆ. 1901ರಲ್ಲಿ ಇಂಗ್ಲೆಂಡಿನಲ್ಲಿ ‘ವುಡ್‌ವರ್ಕರ್’ ಮಾಸಪತ್ರಿಕೆ ಪ್ರಾರಂಭವಾಯಿತು. 1946ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಮನೆಯ ಬಳಕೆಗೆಂದೇ ವಿದ್ಯುತ್ ಬೈರಿಗೆಯನ್ನು ಮಾರಾಟಕ್ಕಿಟ್ಟಿತು. 1954ರಲ್ಲಿ ‘ಟೈಮ್’ ವಾರಪತ್ರಿಕೆ ‘ನೀನೇ ಮಾಡಿಕೋ’ ಎಂಬ ಈ ಹೊಸ ಗೀಳನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಇಷ್ಟು ಹೊತ್ತಿಗೆ ಇನ್ನೊಂದು ವಿಚಿತ್ರವೂ ನಡೆದಿತ್ತು. ಬಡಗಿಯ ಕಮ್ಮಟಕ್ಕೆ ಯಂತ್ರಗಳು ಬಂದು, ಅನ್ನಕ್ಕಾಗಿ ದುಡಿಯುವವನು ಹಳೆಯ ಉಜ್ಜುಗೊರಡನ್ನು ಮೂಲೆಗಿಟ್ಟಿದ್ದನು. ಹೊತ್ತಿನ ಲೆಕ್ಕವಿಲ್ಲದ ಹವ್ಯಾಸಿ ಅದನ್ನು ಎತ್ತಿಕೊಂಡು ಸಾಣೆ ಹಿಡಿಯುತ್ತಿದ್ದನು. ಒಂದು ಕಾಲಕ್ಕೆ ಕಮ್ಮಟದಿಂದ ಸಾಲ ತಂದ ವಿದ್ಯೆಯನ್ನು ಹವ್ಯಾಸಿಗಳು ಹೀಗೆ ಸ್ವಲ್ಪಮಟ್ಟಿಗೆ ಕಾಪಾಡಿದರೆನ್ನಬಹುದು.

ಹವ್ಯಾಸಿಯ ಕೈಗೆ ಆಯುಧ ಬಂದರೆ ಬಡಗಿಯ ಅನ್ನಕ್ಕೆ ಸಂಚಕಾರವಾಗದೆ ಎಂದು ಕೇಳುವವರಿದ್ದಾರೆ. ಒಂದು ಮಣೆ ಮಾಡಹೊರಟು, ನಾಲ್ಕು ಕಾಲೂ ನೆಲಕ್ಕೆ ಊರದೆ ಬೇಸತ್ತವನು ಬಡಗಿಯ ಕೂಲಿಯಲ್ಲಿ ಚೌಕಾಸಿ ಮಾಡಲು ಹಿಂದೆಗೆಯುತ್ತಾನೆ. ಆ ಕೂಲಿ ಯಾವುದಕ್ಕೆಂಬುದು ಅವನ ಕೈಗೆ ಗೊತ್ತಾಗಿರುತ್ತದೆ.

ಹನ್ನೆರಡನೆಯ ಶತಮಾನದ ನಮ್ಮ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ವಚನಕಾರನಿದ್ದನು. ಹೆಸರಿನಲ್ಲಿಯೇ ಬಾಚಿಯನ್ನು ಹೊತ್ತವನು ಅನುಭಾವಿಗಳ ಸಾಲಿನಲ್ಲಿ ಕುಳಿತ ನಾಡು ಇದು. ಅಂಥ ನಾಡಿನಲ್ಲಿ ಎಲ್ಲ ತರಗತಿಗಳಲ್ಲೂ ಮೊದಲಿಗನಾದ ಹುಡುಗನಿಗೆ ಗೋಡೆಗೊಂದು ಮೊಳೆ ಹೊಡೆಯಲು ಬಾರದೆ, ಅದನ್ನು ಹೊಡೆಯಲು ಬಂದ ಬಡಗಿಯನ್ನು ಜಗಲಿಯ ಮೇಲೆಯೇ ನಿಲ್ಲಿಸಿ ಮಾತಾಡಿಸುವ ರೂಢಿ ಇರಬಾರದು. ಒಂದು ಚಾಕು, ಒಂದು ಸಣ್ಣ ಗರಗಸ, ತುಂಡು ಹಲಗೆ, ಭಾನುವಾರದ ಒಂದೆರಡು ಗಂಟೆ: ಹವ್ಯಾಸಕ್ಕೆ ಇಷ್ಟು ಸಾಕು. ಮೊದಲ ಪಾಠವನ್ನು ಊರಿನ ಬಡಗಿಯನ್ನೇ ಕರೆದು, ಮಣೆ ಹಾಕಿ ಕೂರಿಸಿ ಹೇಳಿಸಿಕೊಂಡರೆ ಮಾಕ್ಸನ್ನನ ಪುಸ್ತಕಕ್ಕಿಂತ ಅದು ಚೆನ್ನಾಗಿ ತಲೆಗೂ ಕೈಗೂ ಹತ್ತುವುದರಲ್ಲಿ ಸಂದೇಹವಿಲ್ಲ.