ಕಣ್ಣೊಳಗಿನ ಮೇದಸ್ಸು: ಒಂದು ಔಷಧದ ಚರಿತ್ರೆ

ಹಲವಾಗಲಿನಂತಹ ನಮ್ಮ ಹೊಳೆಸಾಲಿನ ಊರುಗಳಲ್ಲಿ ಅರವತ್ತು ದಾಟಿದವರ ದೃಷ್ಟಿ ಮಂದವಾಯಿತೆಂದರೆ ಮನೆಮಂದಿ ಹೇಳುವ ಮಾತು ಒಂದೇ: “ಪೊರೆ ಬಂದೈತಿ, ಬಲಿತ ಮ್ಯಾಲೆ ತೆಗಿಸಿದರಾತು.” ಈ ಧೈರ್ಯಕ್ಕೆ ಆಧಾರವಿಲ್ಲದೆ ಇಲ್ಲ. ಬೀಳಗಿಯಲ್ಲಿ ಹುಟ್ಟಿ, ದಾವಣಗೆರೆಯ ಹೆಸರಿನೊಡನೆ ತಮ್ಮ ಹೆಸರನ್ನು ಬೆಸೆದುಕೊಂಡ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ನೇತ್ರಶಿಬಿರ ಹೂಡಿ ಬಡವರ ಪೊರೆ ತೆಗೆದುದನ್ನು ಈ ಸೀಮೆ ಮರೆತಿಲ್ಲ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 2005ರಲ್ಲಿ ಅವರು ತೀರಿಕೊಂಡರು. ಕತ್ತಲೆಯಲ್ಲಿ ಕುಳಿತವರು ಪಟ್ಟಿ ಬಿಚ್ಚಿದೊಡನೆ ಮೊಮ್ಮಕ್ಕಳ ಮುಖ ಕಂಡರು.

ಆದರೆ ಸಕ್ಕರೆ ಕಾಯಿಲೆಯಿಂದ ಕೆಡುವ ಕಣ್ಣಿನ ಕಥೆಯೇ ಬೇರೆ. ಪೊರೆ ಕಣ್ಣಿನ ಮುಂಭಾಗದ ಮಸೂರಕ್ಕೆ ಕವಿದ ಮಬ್ಬು. ಅದನ್ನು ತೆಗೆದರೆ ಬೆಳಕು ಮರಳುತ್ತದೆ. ಸಕ್ಕರೆ ಕಾಯಿಲೆ ಹಾಳುಮಾಡುವುದು ಹಿಂಭಾಗದ ಅಕ್ಷಿಪಟವನ್ನು. ಅಲ್ಲಿಯ ಕೂದಲೆಳೆಗಿಂತ ಸಣ್ಣ ನಾಳಗಳು ಸೋರುತ್ತವೆ, ಕಟ್ಟಿಕೊಳ್ಳುತ್ತವೆ, ಕಡೆಗೆ ಒಡೆದು ನೆತ್ತರು ತುಂಬುತ್ತದೆ. ಇದು ಪೊರೆಯಂತೆ ಬಲಿಯಲೆಂದು ಕಾಯುವ ರೋಗವಲ್ಲ, ಕಾದಷ್ಟೂ ನಷ್ಟ. ಈ ಭೇದ ತಿಳಿಯದೆ ಕಣ್ಣು ಕಳೆದುಕೊಂಡವರು ಅನೇಕರು.

ನಮ್ಮ ಪ್ರಾಚೀನರು ರೋಗವನ್ನು ಬಲ್ಲವರೇ. ಚರಕ ಸುಶ್ರುತರಿಬ್ಬರೂ ಪ್ರಮೇಹಗಳು ಇಪ್ಪತ್ತೆಂದು ಎಣಿಸಿದರು. ‘ಮಿಹ್’ ಎಂಬ ಧಾತುವಿನಿಂದ ಹುಟ್ಟಿದ ‘ಮೇಹ’ವೆಂದರೆ ಮೂತ್ರ, ಅದು ಜೇನಿನಂತಾದರೆ ಮಧುಮೇಹ. ಕೂತು ಉಂಡು ಮಲಗುವ ಸುಖವನ್ನೂ, ಕಫವನ್ನೂ, ಮೇದಸ್ಸು ಅಂದರೆ ಕೊಬ್ಬನ್ನೂ ಅವರು ಈ ರೋಗಕ್ಕೆ ಕಾರಣವಾಗಿ ಹೇಳಿದರು. ಸುಶ್ರುತನು 76 ನೇತ್ರರೋಗಗಳನ್ನು ವಿವರಿಸಿದನು. ಆದರೆ ಬದುಕಿರುವ ಮನುಷ್ಯನ ಕಣ್ಣಿನ ಒಳಗೋಡೆಯನ್ನು ನೋಡುವ ಸಾಧನ ಅಂದು ಯಾರಲ್ಲಿಯೂ ಇರಲಿಲ್ಲ.

ಆ ಸಾಧನವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಲೋಕದ ಮುಂದಿಟ್ಟನು. ಆ ದಶಕದಲ್ಲಿಯೇ ವಿಯೆನ್ನಾದ ಯೇಗರ್ ಎಂಬ ವೈದ್ಯನು ಸಕ್ಕರೆ ಕಾಯಿಲೆಯವರ ಅಕ್ಷಿಪಟದಲ್ಲಿ ವಿಕಾರಗಳನ್ನು ಕಂಡನು. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರು ಇನ್ಸುಲಿನ್ನನ್ನು ಬೇರ್ಪಡಿಸಿದರು. ಸಾಯುತ್ತಿದ್ದ ರೋಗಿಗಳು ಹತ್ತಾರು ವರ್ಷ ಬಾಳತೊಡಗಿದರು. ಆಯುಷ್ಯ ಬೆಳೆದಂತೆ, ನಿಧಾನವಾಗಿ ಬರುವ ಈ ಕಣ್ಣಿನ ತೊಂದರೆಯೂ ಹೆಚ್ಚಾಗಿ ಹೊರಬಿತ್ತು.

ಅಕ್ಷಿಪಟದಲ್ಲಿ ಹಳದಿ ಬಣ್ಣದ ಗಟ್ಟಿ ಚುಕ್ಕೆಗಳು ಕಾಣುತ್ತಿದ್ದವು. ಅವು ಸೋರಿದ ನಾಳಗಳಿಂದ ಬಂದು ಹೆಪ್ಪುಗಟ್ಟಿದ ಕೊಬ್ಬು. ಹಾಗಾದರೆ ನೆತ್ತರಿನ ಕೊಬ್ಬನ್ನು ಇಳಿಸಿದರೆ ಕಣ್ಣು ಉಳಿಯಬಹುದಲ್ಲವೆ? 1960ರ ದಶಕದಲ್ಲಿ ಬಂದ ಕ್ಲೋಫೈಬ್ರೇಟ್ ಎಂಬ ಔಷಧವನ್ನು ಮೂರು ವರ್ಷ ಪ್ರಯೋಗಿಸಿ ನೋಡಿದವರು 1968ರಲ್ಲಿ ಫಲವನ್ನು ಪ್ರಕಟಿಸಿದರು: ಚುಕ್ಕೆಗಳೇನೋ ಕರಗಿದವು, ದೃಷ್ಟಿ ಮಾತ್ರ ಸುಧಾರಿಸಲಿಲ್ಲ. 1978ರ ದೊಡ್ಡದೊಂದು ಪರೀಕ್ಷೆಯಲ್ಲಿ ಈ ಔಷಧ ಸೇವಿಸಿದವರಲ್ಲಿ ಸಾವು ಹೆಚ್ಚೆಂದು ಕಂಡುಬಂದು ಅದು ಬಳಕೆಯಿಂದ ಹಿಂದೆ ಸರಿಯಿತು. ಅಷ್ಟರಲ್ಲಿ ಬೆಳಕಿನ ಕಿರಣದಿಂದ ಅಕ್ಷಿಪಟವನ್ನು ಸುಡುವ ಚಿಕಿತ್ಸೆ ತೀವ್ರ ಅಂಧತ್ವವನ್ನು ಅರ್ಧಕ್ಕೂ ಮಿಗಿಲಾಗಿ ತಡೆಯುತ್ತದೆಂದು 1976ರಲ್ಲಿ ಅಮೆರಿಕದಲ್ಲಿ ಸಿದ್ಧವಾಗಿತ್ತು. ಕೊಬ್ಬಿನ ಮಾತು ಮೂಲೆಗೆ ಸೇರಿತು.

ಅದು ಮರಳಿದ್ದು ಅನಿರೀಕ್ಷಿತವಾಗಿ. ಕ್ಲೋಫೈಬ್ರೇಟಿನ ಬಳಗಕ್ಕೇ ಸೇರಿದ ಫೆನೋಫೈಬ್ರೇಟನ್ನು ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಿನ್ಲೆಂಡ್ ದೇಶಗಳ 9,795 ಮಂದಿ ಸಕ್ಕರೆ ಕಾಯಿಲೆಯವರ ಮೇಲೆ ಪರೀಕ್ಷಿಸಿದರು. ಉದ್ದೇಶ ಹೃದಯವನ್ನು ಕಾಯುವುದು. 2005ರಲ್ಲಿ ಬಂದ ಫಲಿತಾಂಶ ಹೃದಯದ ಮಟ್ಟಿಗೆ ನಿರಾಶೆ ತಂದಿತು. ಆದರೆ 2007ರಲ್ಲಿ ಕಣ್ಣಿನ ಲೆಕ್ಕ ಹೊರಬಂದಾಗ, ಲೇಸರ್ ಚಿಕಿತ್ಸೆ ಬೇಕಾದವರು ಔಷಧ ತೆಗೆದುಕೊಳ್ಳದವರಲ್ಲಿ ನೂರಕ್ಕೆ 4.9, ತೆಗೆದುಕೊಂಡವರಲ್ಲಿ 3.4 ಎಂದಾಯಿತು. 2010ರಲ್ಲಿ ಅಮೆರಿಕದ ಪರೀಕ್ಷೆಯೂ ಅದೇ ದಿಕ್ಕನ್ನು ತೋರಿತು. 2013ರಲ್ಲಿ ಆಸ್ಟ್ರೇಲಿಯ ಈ ಉಪಯೋಗಕ್ಕೆ ಅನುಮತಿಯಿತ್ತಿತು. ಕೇವಲ ಕಣ್ಣನ್ನೇ ಗುರಿಯಾಗಿಟ್ಟು ಸ್ಕಾಟ್ಲೆಂಡಿನಲ್ಲಿ 1,151 ಮಂದಿಯ ಮೇಲೆ ನಡೆದ ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷಗಳಲ್ಲಿ ರೋಗ ಮುಂದುವರಿದವರು ಹುಸಿಮಾತ್ರೆಯವರಲ್ಲಿ ನೂರಕ್ಕೆ 29.2, ಔಷಧದವರಲ್ಲಿ 22.7.

ಇಲ್ಲೊಂದು ಸ್ವಾರಸ್ಯವಿದೆ. ನೆತ್ತರಿನ ಕೊಬ್ಬು ಹೆಚ್ಚಿದ್ದವರಿಗೆ ಮಾತ್ರ ಫಲ ಸಿಗಲಿಲ್ಲ, ಇಲ್ಲದವರಿಗೂ ಸಿಕ್ಕಿತು. ಹಾಗಾಗಿ ಈ ಮಾತ್ರೆ ನಾಳಗಳ ಉರಿಯೂತವನ್ನೂ ಸೋರಿಕೆಯನ್ನೂ ಬೇರೆ ದಾರಿಯಿಂದ ತಗ್ಗಿಸುತ್ತದೆಂದು ವಿದ್ವಾಂಸರು ಭಾವಿಸುತ್ತಾರೆ. ಮೇದಸ್ಸಿನ ಹೆಸರು ಹೇಳಿದ ಚರಕನು ಇದನ್ನೆಲ್ಲ ಅಂದೇ ಅರಿತಿದ್ದನೆಂದು ನಮ್ಮಂಥ ಪಂಡಿತರು ಬೀಗುವಂತಿಲ್ಲ. ಊಹೆ ತಪ್ಪಾಗಿಯೂ ದಾರಿ ಸರಿಯಾದ ನಿದರ್ಶನವಿದು. ತಪ್ಪನ್ನು ಒಪ್ಪಿಕೊಂಡು ಮತ್ತೆ ಎಣಿಸಿ ನೋಡಿದ್ದರಿಂದಲೇ ನಿಜ ಕೈಗೆ ಸಿಕ್ಕಿತು.

ಈ ಮಾತ್ರೆ ಸಂಜೀವಿನಿಯಲ್ಲ. ಇದು ರೋಗದ ನಡಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ. ಮೂತ್ರಪಿಂಡದ ಸ್ಥಿತಿ ನೋಡದೆ ಕೊಡುವ ಹಾಗಿಲ್ಲ. ಅಂಗಡಿಯಿಂದ ತಾವೇ ಕೊಂಡು ನುಂಗುವಂಥದ್ದೂ ಅಲ್ಲ. ಸಕ್ಕರೆ ಮತ್ತು ರಕ್ತದ ಒತ್ತಡಗಳನ್ನು ಹತೋಟಿಯಲ್ಲಿಡುವ ಹಳೆಯ ನಿಯಮಕ್ಕೆ ಇದು ಬದಲಿಯೂ ಅಲ್ಲ. ಇದು ಹೆಚ್ಚು ನೆರವಾಗುವುದು ರೋಗ ಇನ್ನೂ ಎಳೆಯದಾಗಿರುವಾಗ. ಆಗ ರೋಗಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ! ಆದ್ದರಿಂದ ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, “ನನಗೆಲ್ಲ ಕಾಣತೈತಿ, ಯಾಕ ಬೇಕು?” ಎಂದು ಅವರು ಎಷ್ಟೇ ಹೇಳಲಿ, ವರ್ಷಕ್ಕೊಮ್ಮೆ ಅವರ ಕಣ್ಣಿನ ಒಳಗೋಡೆಯನ್ನು ವೈದ್ಯರಿಗೆ ತೋರಿಸಿರಿ. ಪೊರೆಗೆ ಕಾಯುವ ಪದ್ಧತಿ ಇಲ್ಲಿ ಸಲ್ಲದು.