ಆತಕೂರಿನ ಕಾಳಿ, ಜೇಜುರಿಯ ವಾಘ್ಯಾ, ನಮ್ಮ ಕರಿಯ

ಹೋದ ಮಳೆಗಾಲದಲ್ಲಿ ನಮ್ಮ ಕರಿಯನನ್ನು ಸಾಸವಡದ ಹತ್ತಿರ ಸಹೋದ್ಯೋಗಿಯೊಬ್ಬರ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದೆವು. ಪುಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ನಾಯಿ ಸಾಕುವುದಕ್ಕೆ ಹೇಗೋ ಜಾಗ ಸಿಗುತ್ತದೆ. ಸತ್ತರೆ ಹೂಳುವುದಕ್ಕೆ ಮೂರಡಿ ನೆಲ ಸಿಗುವುದಿಲ್ಲ. ಗುಂಡಿ ಮುಚ್ಚಿದ ಮೇಲೆ ಸಹೋದ್ಯೋಗಿಯ ತಂದೆ, ಎಪ್ಪತ್ತು ದಾಟಿದ ರೈತರು, ಕೈಯ ಮಣ್ಣು ಕೊಡವುತ್ತ ಕೇಳಿದರು: "ದಗಡ ಠೇವಾಯಚಾ ಕಾ?" ಕಲ್ಲು ಇಡಬೇಕಾ ಅಂತ. ನರಿಗಳು ಕೆದಕದಿರಲಿ ಎಂದು ಅವರು ಕೇಳಿದ್ದು. ನನಗೆ ಮಾತ್ರ ತಕ್ಷಣ ನೆನಪಾದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿ ನೋಡಿದ್ದ ಇನ್ನೊಂದು ಕಲ್ಲು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು ಅದು. ಕಾಲ ಕ್ರಿ.ಶ. 949-50. ಶಾಲೆಯ ಪಾಠದಲ್ಲಿ ತಕ್ಕೋಲದ ಯುದ್ಧ ಎಂದು ಓದಿ ಮರೆತಿರುತ್ತೀರಿ: ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ಏರಿಹೋದದ್ದು, ಅವನ ಕಡೆಯ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದದ್ದು. ದಕ್ಷಿಣ ಭಾರತದ ದೊಡ್ಡ ಕದನಗಳಲ್ಲಿ ಒಂದು. ಅದಕ್ಕೆ ಪ್ರತಿಯಾಗಿ ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು ಮುಂತಾದ ಸೀಮೆಗಳೇ ಸಿಕ್ಕವು. ಇದೆಲ್ಲ ಆ ಕಲ್ಲಿನ ಮೇಲಿದೆ. ಆದರೆ ಕಲ್ಲು ನೆಟ್ಟದ್ದು ಅದಕ್ಕಲ್ಲ, ಒಂದು ನಾಯಿಗೆ.

ಬೂತುಗನ ಆಳು ಮಣಲೆರ. ಕಾಳಗದಲ್ಲಿ ದೊರೆಯ ಮುಂದೆ ನಿಂತು ಇರಿದವನು. ಮೆಚ್ಚಿದ ದೊರೆ 'ಬೇಡಿಕೋ' ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ಹೆಬ್ಬಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿದ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗದ ಮಣ್ಣು ಬಿಟ್ಟುಕೊಟ್ಟ. ಅವನಿಗೂ ಆತಕೂರು ಹನ್ನೆರಡು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆಯುವ ಉಂಬಳಿಯಾಗಿ ಸಿಕ್ಕಿತು. ಆದರೆ ಬಾಯಿಬಿಟ್ಟು ಬೇಡಿದ್ದೆಂದು ಶಾಸನ ಹೇಳುವುದು ನಾಯಿಯನ್ನು. ಕಲ್ಲಿನ ಮೇಲಿನ ಚಿತ್ರದಲ್ಲಿ ದೊರೆಯಿಲ್ಲ, ಆನೆಯಿಲ್ಲ. ನಾಯಿ ಮತ್ತು ಹಂದಿ ಮುಖಾಮುಖಿ ನಿಂತಿವೆ, ಅಷ್ಟೇ.

ಇಷ್ಟಾದರೆ ಒಳ್ಳೆಯ ಕತೆ. ನನ್ನನ್ನು ಕಾಡುವುದು ಅದರ ಕೊನೆಯ ಭಾಗ. ಶಾಸನಗಳ ಕೊನೆಗೆ ಶಾಪ ಇರುತ್ತದಲ್ಲ, ಇಲ್ಲೂ ಇದೆ. ಈ ಜಾಗವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ. ನೆಲವನ್ನು ಕೆಡಿಸಿದವನಿಗೂ ಅದೇ. ಯಾವ ನಾಯಿಗೆ ಇಷ್ಟೆಲ್ಲ ಗೌರವವೋ ಅದರ ಹೆಸರಲ್ಲೇ ಪಾಪದ ಲೆಕ್ಕ! ಕಾಳಿ ಅಪರಂಜಿ, ನಾಯಿಜನ್ಮ ಮಾತ್ರ ಹೀನ. ಹೆಸರಿಟ್ಟು ಕರೆದ ಒಂದು ನಾಯಿ ಮನೆಮಗ, ಉಳಿದದ್ದೆಲ್ಲ ನಾಯಿಪಾಡು. ಸಾವಿರ ವರ್ಷದ ಹಿಂದೆಯೇ ನಮ್ಮ ಭಾಷೆ ಈ ಎರಡನ್ನೂ ಒಂದೇ ಕಲ್ಲಿನ ಮೇಲೆ ಕೊರೆದಿಟ್ಟಿದೆ.

ಆ 'ಗೊರವ' ಎಂಬ ಮಾತನ್ನು ಇನ್ನೊಂದು ಸಲ ನೋಡಿ. ಶಾಸನದ ಕಾಲಕ್ಕೆ ಅದು ಶೈವ ಪೂಜಾರಿಗೆ ಹೇಳುತ್ತಿದ್ದ ಮಾತು. ಇವತ್ತು ಗೊರವರೆಂದರೆ ನಮಗೆ ಮೈಲಾರಲಿಂಗನ ಒಕ್ಕಲು: ಕರಿ ಕಂಬಳಿ, ಕರಡಿಕೂದಲ ಟೋಪಿ, ಕೈಯಲ್ಲಿ ಡಮರುಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡದಲ್ಲಿ ಇವರು ದೋಣಿ ತುಂಬಿಸುವುದನ್ನು ಕಂಡವರಿಗೆ ಗೊತ್ತು. ದೋಣಿ ಎಂದರೆ ಮರದ ಬಟ್ಟಲು. ಅದರಲ್ಲಿ ಹಾಲು, ಬಾಳೆಹಣ್ಣು ಕಲಸಿ ಇಟ್ಟರೆ ಗೊರವರು ನಾಲ್ಕು ಕಾಲಲ್ಲಿ ಬಗ್ಗಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ ಬಾಯಿ ಹಾಕಿ ತಿನ್ನುತ್ತಾರೆ. ಮಣಿ-ಮಲ್ಲಾಸುರರನ್ನು ಕೊಲ್ಲಲು ಹೊರಟ ದೇವರ ಹಿಂದೆ ಹೋದ ನಾಯಿಗಳು ತಾವು ಎಂಬ ಭಾವ. ನಾಯಿಜನ್ಮ ಹೀನ ಎನ್ನುವ ಅದೇ ಸಮಾಜದಲ್ಲಿ ದೇವರ ನಾಯಿಯಾಗುವುದು ಹರಕೆ.

ಪುಣೆಯ ಕನ್ನಡಿಗರು ಇದನ್ನು ನೋಡಲು ಮೈಲಾರದವರೆಗೆ ಹೋಗಬೇಕಿಲ್ಲ. ಸಾಸವಡದಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಜೇಜುರಿ. ಮೈಲಾರನೇ ಅಲ್ಲಿ ಖಂಡೋಬಾ, ಮಲ್ಹಾರಿ, ಮಾರ್ತಂಡ ಭೈರವ. ಅರಿಶಿನದ ಭಂಡಾರ ತೂರಿ ಜನ 'ಯೇಳಕೋಟ ಯೇಳಕೋಟ ಜಯ ಮಲ್ಹಾರ' ಎಂದು ಕೂಗುತ್ತಾರೆ. ನಮ್ಮ ಗೊರವರ 'ಏಳುಕೋಟಿ ಏಳುಕೋಟಿಗೋ' ಕೇಳಿದವರಿಗೆ ಅದು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಆಫೀಸಿನ ಮರಾಠಿ ಗೆಳೆಯರಿಗೆ 'ಯೇಳ' ಎಂದರೆ ಏಳು ಎಂದು ಹೇಳಿದಾಗ ಅವರ ಮುಖ ನೋಡುವುದು ಪುಣೆವಾಸದ ಸಣ್ಣ ಸುಖಗಳಲ್ಲೊಂದು. ಇಲ್ಲಿನ ಗೊರವರ ಹೆಸರು ವಾಘ್ಯಾ. ಮಾತಿನಲ್ಲಿ ಹುಲಿ, ನಡೆಯಲ್ಲಿ ನಾಯಿ. ಇವರ ಬಟ್ಟಲಿನ ಹೆಸರು ಕೋಟಂಬಾ. ಇವರೂ ಅದರ ಮುಂದೆ ಬೊಗಳುತ್ತಿದ್ದವರೇ. ಪುಣೆಯ ರಾ. ಚಿಂ. ಢೇರೆ, ಜರ್ಮನಿಯಿಂದ ಬಂದ ಗುಂಥರ್ ಸೊಂಥೈಮರ್ ಈ ದೇವರನ್ನು ಬೆನ್ನುಹತ್ತಿ ವರ್ಷಗಟ್ಟಲೆ ಅಲೆದಿದ್ದಾರೆ. ಇಬ್ಬರಿಗೂ ಎದುರಾದದ್ದು ಒಂದೇ: ಕುರಿ ಕಾಯುವವರ ದೇವರು ಮರಾಠಿ-ಕನ್ನಡದ ಗಡಿ ನೋಡುವುದಿಲ್ಲ. ಕುರಿಯಿದ್ದಲ್ಲಿ ನಾಯಿ. ನಾಯಿಯಿದ್ದಲ್ಲಿ ಈ ದೇವರು.

ಅರುಣ್ ಕೊಲಟಕರ್ 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಜೇಜುರಿ' ಸಂಕಲನದಲ್ಲಿ ಪಾಳುಬಿದ್ದ ಮಾರುತಿ ಗುಡಿಯೊಳಗೆ ಮರಿ ಹಾಕಿಕೊಂಡ ಒಂದು ಬೀದಿನಾಯಿ ಬರುತ್ತದೆ. ನನಗೆ ಆ ಸಂಕಲನದಲ್ಲಿ ಖಂಡೋಬಾಗಿಂತ ಹತ್ತಿರ ಕಂಡದ್ದು ಅದೇ. ಕರಿಯ ನಮಗೆ ಸಿಕ್ಕಿದ್ದೂ ಹಾಗೇ, ಕಟ್ಟುತ್ತಿದ್ದ ಕಟ್ಟಡದ ಮರಳಿನ ರಾಶಿಯ ಹಿಂದೆ.

ಈಗ ವಾಘ್ಯಾ ಎಂಬ ಹೆಸರಿನ ಇನ್ನೊಂದು ದಾರಿ. ಪುಣೆಯಲ್ಲಿ ಆ ಹೆಸರು ಹೇಳಿದರೆ ಮೊದಲು ನೆನಪಾಗುವುದು ಜೇಜುರಿಯಲ್ಲ, ರಾಯಗಡ. 1680ರಲ್ಲಿ ಶಿವಾಜಿ ಮಹಾರಾಜರು ತೀರಿಕೊಂಡಾಗ ಅವರ ನಾಯಿ ವಾಘ್ಯಾ ಚಿತೆಗೆ ಹಾರಿತು ಎಂದು ಜನ ಹೇಳುತ್ತಾರೆ. ಆ ಕಾಲದ ದಾಖಲೆಯಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಮಹಾರಾಜರ ಸಮಾಧಿಯ ಹತ್ತಿರ ಎತ್ತರದ ಕಟ್ಟೆಯ ಮೇಲೆ ನಾಯಿಯ ಪ್ರತಿಮೆ 1936ರಿಂದ ಇದೆ, ಇಂದೂರಿನ ತುಕೋಜಿರಾವ್ ಹೋಳ್ಕರ್ ಕೊಟ್ಟ ಹಣದಿಂದ. ಹೋಳ್ಕರರು ಧನಗರರು, ಖಂಡೋಬಾನ ಒಕ್ಕಲು. ಜೇಜುರಿಯ ಕಟ್ಟಡಗಳಲ್ಲೂ ಆ ಮನೆತನದ ದುಡಿಮೆ ದೊಡ್ಡದು. ಅವರು ನಾಯಿಗೆ ಹಣ ಕೊಟ್ಟದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಜಗಳ ಶುರುವಾದದ್ದು ಆಮೇಲೆ. ಇತಿಹಾಸದಲ್ಲಿ ಇಲ್ಲದ ನಾಯಿ ಮಹಾರಾಜರ ಪಕ್ಕದಲ್ಲಿ ಏಕೆ ಎಂದು ಒಂದು ಕಡೆಯವರು. ಒಮ್ಮೆ ಪ್ರತಿಮೆಯನ್ನು ಕಿತ್ತದ್ದೂ ಆಯಿತು, ಮತ್ತೆ ಕೂರಿಸಿದ್ದೂ ಆಯಿತು. 2017ರ ಜನವರಿಯಲ್ಲಿ ಪುಣೆಯ ಜಂಗಲಿ ಮಹಾರಾಜ ರಸ್ತೆಯ ಸಂಭಾಜಿ ಉದ್ಯಾನದಲ್ಲಿದ್ದ ನಾಟಕಕಾರ ರಾಮ ಗಣೇಶ ಗಡಕರಿಯ ಪ್ರತಿಮೆಯನ್ನು ರಾತ್ರೋರಾತ್ರಿ ಕಿತ್ತು ಮುಠಾ ನದಿಗೆ ಎಸೆದರು. ಅವರ 'ರಾಜಸಂನ್ಯಾಸ' ನಾಟಕದಲ್ಲಿ ಸಂಭಾಜಿ ಮಹಾರಾಜರನ್ನು ಹೀನಾಯವಾಗಿ ಚಿತ್ರಿಸಿದ್ದಾರೆಂಬುದು ಆಕ್ಷೇಪ. ವಾಘ್ಯಾನ ಕತೆ ಹಬ್ಬಿದ್ದೂ ಆ ನಾಟಕದಿಂದಲೇ ಎನ್ನುವವರಿದ್ದಾರೆ. 2025ರ ಮಾರ್ಚ್‌ನಲ್ಲಿ ಕೊಲ್ಹಾಪುರದ ಸಂಭಾಜಿರಾಜೆ ಛತ್ರಪತಿ ಸ್ಮಾರಕ ತೆಗೆಸಬೇಕೆಂದು ಮುಖ್ಯಮಂತ್ರಿಗೆ ಬರೆದರು. ಧನಗರ ಮುಖಂಡರು ಬೇಡವೆಂದರು. ದಾಖಲೆ ಕೇಳುವವರ ಮಾತು ಇತಿಹಾಸದ ದೃಷ್ಟಿಯಿಂದ ಸರಿಯೇ. ಆದರೆ ಮಾಲೀಕ ಸತ್ತ ಮೇಲೆ ಉಣ್ಣದೆ ಕೂತ ನಾಯಿಯನ್ನು ಯಾವುದಾದರೂ ಹಟ್ಟಿಯಲ್ಲಿ ಕಂಡವರೇ ಈ ಕತೆಯನ್ನು ನಂಬಿದ್ದಾರೆ ಎಂಬುದೂ ಅಷ್ಟೇ ನಿಜ. ಆತಕೂರಿನ ಕಾಳಿಗೆ ಶಾಸನ ಸಿಕ್ಕಿತು, ಹಾಗಾಗಿ ಯಾರೂ ಕೇಳುವುದಿಲ್ಲ. ವಾಘ್ಯಾನಿಗೆ ಸಿಗಲಿಲ್ಲ.

ಮುಧೋಳದ ನಾಯಿಯ ಮಾತು ಇಲ್ಲೇ ಬಂದುಹೋಗಲಿ. ಕನ್ನಡ ನೆಲದ ಮರಾಠಾ ಸಂಸ್ಥಾನಿಕರಾದ ಘೋರ್ಪಡೆಯವರು ಅದನ್ನು ಸಾಕಿ ಹೆಸರು ಮಾಡಿದರು, ಅಂಚೆ ಇಲಾಖೆ 2005ರಲ್ಲಿ ಚೀಟಿ ತಂದಿತು, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸರ್ಕಾರಿ ಸಂಶೋಧನಾ ಕೇಂದ್ರವಿದೆ. ಅದೇ ನಾಯಿಗೆ ಮಹಾರಾಷ್ಟ್ರದಲ್ಲಿ ಕಾರವಾನಿ ಎನ್ನುತ್ತಾರೆ, ಕಾರವಾನುಗಳ ಜೊತೆ ಬಂದದ್ದು ಎಂದು. ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಇದರ ಮೇಲೆ ಒಂದು ಗಡಿವಿವಾದ ನಡೆದದ್ದಕ್ಕೆ ನಾನು ಸಾಕ್ಷಿ. ಕುರಿಹಟ್ಟಿಯ ಬಯಲಲ್ಲಿ ಓಡಬೇಕಾದ ಆ ಪ್ರಾಣಿಯನ್ನು ಎರಡು ಬೆಡ್‌ರೂಮಿನ ಮನೆಯಲ್ಲಿ ಕಟ್ಟಿಹಾಕಿ ಇಬ್ಬರೂ ಹೆಮ್ಮೆಪಡುತ್ತಿದ್ದರು.

ಹೆಸರಿದ್ದ ನಾಯಿಗಳ ಚರಿತ್ರೆ ಇದಾದರೆ, ಹೆಸರಿಲ್ಲದವುಗಳದು ಬಹುಪಾಲು ಪೊಲೀಸ್ ದಾಖಲೆಗಳಲ್ಲಿದೆ. ಮುಂಬಯಿಯಲ್ಲಿ ಬ್ರಿಟಿಷರು ಬೇಸಿಗೆಯಲ್ಲಿ ಒಡೆಯರಿಲ್ಲದ ನಾಯಿಗಳನ್ನು ಕೊಲ್ಲಿಸುತ್ತಿದ್ದರು. ಒಂದಕ್ಕೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಮನೆ ಅಂಗಳದ ನಾಯಿಗಳಿಗೂ ಕೈಹಾಕಿದರೆಂಬ ದೂರು ಬಂತು. 1832ರ ಜೂನ್ 6ರಂದು, ತಮ್ಮ ಹಬ್ಬದ ದಿನ, ಪಾರ್ಸಿಗಳು ತಿರುಗಿಬಿದ್ದರು. ಹೆಣದ ಮುಂದೆ ನಾಯಿಯನ್ನು ತಂದು ಅದರ ನೋಟ ಬೀಳಿಸುವ 'ಸಗ್ದೀದ್' ಅವರ ಅಂತ್ಯಸಂಸ್ಕಾರದ ಭಾಗ. ನಾಯಿಯಿಲ್ಲದೆ ಮನುಷ್ಯ ಪಾರಾಗುವುದಿಲ್ಲ. ಮರುದಿನ ಅಂಗಡಿ ಮುಚ್ಚಿದವು, ಕೋಟೆಯೊಳಗಿನ ಇಂಗ್ಲಿಷರಿಗೆ ರೊಟ್ಟಿ, ನೀರು ಮುಟ್ಟದಂತೆ ತಡೆದರು, ಪಟ್ಟಣ ಸ್ತಬ್ಧವಾಯಿತು.

ಕೊಲ್ಲಿಸಿದವರ ಭಯ ಸುಳ್ಳಾಗಿರಲಿಲ್ಲ. ಹುಚ್ಚುನಾಯಿ ಕಡಿದರೆ ಆಗ ಮದ್ದೇ ಇರಲಿಲ್ಲ. 1885ರಲ್ಲಿ ಪಾಶ್ಚರ್ ಪ್ಯಾರಿಸ್ಸಿನಲ್ಲಿ ಮೊದಲ ಹುಡುಗನನ್ನು ಉಳಿಸಿದ ಮೇಲೆ ಇಲ್ಲಿಂದ ದುಡ್ಡಿದ್ದವರು ಹಡಗು ಹತ್ತುತ್ತಿದ್ದರು. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಬಂದವು. ಕಸೌಲಿಯ ಡೇವಿಡ್ ಸೆಂಪಲ್ ಕುರಿಯ ಮೆದುಳಿನಿಂದ ಮಾಡಿದ ಲಸಿಕೆಯೇ ನಮ್ಮ ಬಾಲ್ಯದ ಆ ಹೊಟ್ಟೆಯ ಹದಿನಾಲ್ಕು ಇಂಜೆಕ್ಷನ್. ಅದು ನಿಂತದ್ದು ಈ ಶತಮಾನ ಬಂದ ಮೇಲೆ, 2005ರ ಹೊತ್ತಿಗೆ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಭಾರತದಲ್ಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಅಂದಾಜು ಮಾಡುತ್ತದೆ. ಅದರಲ್ಲಿ ಮಕ್ಕಳು ಬಹಳ. ನಾಯಿಯ ಮೇಲೆ ಬರೆಯುವ ನಮ್ಮಂಥವರು ಈ ಸಾಲನ್ನು ಹಾರಿಸಿಬಿಡುತ್ತೇವೆ. ಲಿಫ್ಟಿನಲ್ಲಿ ಕರಿಯನನ್ನು ಕಂಡು ಮಗುವನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ ತಾಯಿಯ ಮೇಲೆ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ಅವರ ಊರಿನಲ್ಲಿ ಆದದ್ದನ್ನು ಅವರು ಹೇಳಿದ ಮೇಲೆ ಇರಲಿಲ್ಲ.

2001ರ ನಿಯಮಗಳು ಬೀದಿನಾಯಿಯನ್ನು ಕೊಲ್ಲುವ ಬದಲು ಸಂತಾನಶಕ್ತಿ ಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದವು. ಕಿವಿಯ ಮೇಲಿನ ಕಚ್ಚು ಅದರ ಗುರುತು. 2023ರಲ್ಲಿ ಹೊಸ ನಿಯಮ ಬಂತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಸುತ್ತಿನ ಬೀದಿನಾಯಿಗಳನ್ನೆಲ್ಲ ದೊಡ್ಡಿಗೆ ಹಾಕಿ ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಹುಚ್ಚು ಹಿಡಿದವು ಮತ್ತು ಮೇಲೆರಗುವವನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಮರಳಿ ಬಿಡಿ, ಊಟ ಹಾಕುವವರು ಗೊತ್ತುಪಡಿಸಿದ ಜಾಗದಲ್ಲೇ ಹಾಕಲಿ ಎಂದಿತು. ಆ ಹನ್ನೊಂದು ದಿನ ಪುಣೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನೆರೆಹೊರೆ ಉಳಿದದ್ದೇ ಹೆಚ್ಚು.

ಕರಿಯ ಹನ್ನೊಂದು ವರ್ಷ ಬದುಕಿದ. ಎರಡು ಸಲ ಉಣ್ಣೆ ಜ್ವರ ಗೆದ್ದ, ಮೂರನೆಯದು ಆಗಲಿಲ್ಲ. ಅವನ ದೆಸೆಯಿಂದ ನಾಲ್ಕು ಮನೆ ಬದಲಿಸಿದೆವು, ಊರಿನ ಎರಡು ಮದುವೆಗೆ ಒಬ್ಬೊಬ್ಬರೇ ಹೋಗಿಬಂದೆವು, ಪ್ರತಿ ದೀಪಾವಳಿ ಬಚ್ಚಲಲ್ಲಿ ಅವನ ಪಕ್ಕ ಕೂತೇ ಕಳೆದೆವು. ಆ ಹದಿನಾಲ್ಕು ಮಹಡಿಯಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ತಿಳಿಯುತ್ತಿದ್ದವನು ಅವನೊಬ್ಬ. ವಾಚ್‌ಮನ್ ಕಾಕಾ ಅವನಿಗಾಗಿಯೇ 'ಬಾ', 'ಕೂಡು', 'ಸಾಕು' ಕಲಿತಿದ್ದರು.

ಸಾಸವಡದಲ್ಲಿ ಕಲ್ಲು ಇಟ್ಟೆವು. ಹೊಲದ ಬದುವಿನಲ್ಲೇ ಬಿದ್ದಿದ್ದ ಕರಿಗಲ್ಲು, ಮೇಲೆ ಏನೂ ಬರೆಯಲಿಲ್ಲ. ಮನೆಗೆ ಬಂದ ಮೇಲೆ ಉಳಿದದ್ದು ಅವನ ಸ್ಟೀಲಿನ ಬಟ್ಟಲು. ತಿಂಗಳೊಪ್ಪತ್ತು ಅದನ್ನು ಬೋರಲು ಹಾಕಿ ಇಟ್ಟಿದ್ದೆವು. ಈಗ ರಾತ್ರಿ ಒಂಬತ್ತಕ್ಕೆ ಹಿಂದಿನ ಗೇಟಿನ ಆಚೆ, ಕಮಿಟಿಯವರು ಬಣ್ಣ ಹಚ್ಚಿ ಗುರುತು ಮಾಡಿದ ಜಾಗದಲ್ಲಿ, ಅದಕ್ಕೆ ಅನ್ನ ಮೊಸರು ಕಲಸಿ ಇಡುತ್ತೇವೆ. ಕಿವಿ ಕಚ್ಚಿನ ಒಂದು ಕಂದು ನಾಯಿ ಬರುತ್ತದೆ. ಕಾಕಾ ಅದಕ್ಕೂ 'ಕೂಡು' ಎನ್ನುತ್ತಾರೆ. ಅದು ಕೂಡುವುದಿಲ್ಲ, ಅದಕ್ಕೆ ಮರಾಠಿ ಮಾತ್ರ ಬರುತ್ತದೆ.